ನಿರ್ಮಾಣ ಸಂಸ್ಥೆಯ ಕರಡು ಒಪ್ಪಂದ: ‘ನಿವ್ವಳ ಆದಾಯ’ ಎಂದರೆ ಯಾವುದು, ಸಿನಿಮಾ ಯಾರದು?

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ಮನೆತನದ ಕಸುಬು ಅಡಿಕೆ ಮಂಡಿ. ಭಾವನವರೂ ನಾನೂ ಸೇರಿ ಕಳೆದ ವರ್ಷ ಒಂದು ಬ್ಯಾನರ್ ಮಾಡಿಕೊಂಡು, ಕಥೆಯ ಹಕ್ಕು ಪಡೆದು, ಚಿತ್ರಕಥೆ ಬರೆಸಿ, ನಿರ್ದೇಶಕರಿಗೆ ಮುಂಗಡವನ್ನೂ ಕೊಟ್ಟಿದ್ದೇವೆ. ಒಟ್ಟು ಬಜೆಟ್ 1 ಕೋಟಿ 80 ಲಕ್ಷ ರೂಪಾಯಿ. ಅದರಲ್ಲಿ 60 ಲಕ್ಷ ನಮ್ಮದು. ಉಳಿದ 1 ಕೋಟಿ 20 ಲಕ್ಷವನ್ನು ಬೆಂಗಳೂರಿನ ಒಂದು ನಿರ್ಮಾಣ ಸಂಸ್ಥೆ ಹಾಕಲು ಒಪ್ಪಿದೆ.

ಅವರು ಕಳುಹಿಸಿದ ಕರಡು ಇಂಗ್ಲಿಷಿನಲ್ಲಿದ್ದು 23 ಪುಟಗಳಷ್ಟಿದೆ. ನನಗೆ ಅರ್ಥವಾದ ಮಟ್ಟಿಗೆ, ಬಂದ ನಿವ್ವಳ ಆದಾಯವನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳಬೇಕು, ಬಿಡುಗಡೆಯನ್ನು ಅವರೇ ಮಾಡುತ್ತಾರೆ, ಬಜೆಟ್ ಮೀರಿದರೆ ಹೆಚ್ಚಿನ ಹಣವನ್ನು ನಾವೇ ತುಂಬಬೇಕು, ಹಕ್ಕುಗಳು 99 ವರ್ಷಗಳ ಕಾಲ ಅವರಲ್ಲಿರುತ್ತವೆ. ಇದರ ಜೊತೆಗೆ ಸಹಿ ಮಾಡಿದ ಎರಡು ಖಾಲಿ ಚೆಕ್ಕುಗಳನ್ನು ಭದ್ರತೆಗೆಂದು ಕೇಳಿದ್ದಾರೆ. ‘ಇದು ಎಲ್ಲರೂ ಸಹಿ ಮಾಡುವ ನಮೂನೆ, ನಿಮಗಾಗಿ ಬದಲಾಯಿಸಲು ಬರುವುದಿಲ್ಲ’ ಎಂಬುದು ಅವರ ಮಾತು. ಮುಹೂರ್ತಕ್ಕೆ ಹದಿನೆಂಟು ದಿನಗಳಿವೆ. ನಾವು ಮೂರನೇ ಒಂದು ಭಾಗ ಹಾಕಿ ಅರ್ಧ ಪಾಲು ಪಡೆಯುವುದರಿಂದ ಇದು ನಮಗೇ ಲಾಭದ ವ್ಯವಹಾರ ಎಂದು ಭಾವ ಹೇಳುತ್ತಾರೆ. ತಿಳಿದವರು ಒಂದು ಮಾತು ಹೇಳಬೇಕೆಂದು ಕೋರುತ್ತೇನೆ.

ಗಾಂಧಿನಗರದ ಲೆಕ್ಕಿಗ

ಸರ್, ಅರ್ಧ ಪಾಲು ಎಂಬ ಮಾತನ್ನು ಸದ್ಯಕ್ಕೆ ಬದಿಗಿಡಿ. ಯಾವುದರಲ್ಲಿ ಅರ್ಧ ಎಂಬುದನ್ನು ಮೊದಲು ನೋಡೋಣ. ನಾನು ಇಪ್ಪತ್ತು ವರ್ಷಗಳಿಂದ ನಿರ್ಮಾಪಕರ ಲೆಕ್ಕಪತ್ರ ನೋಡುತ್ತಿದ್ದೇನೆ. ನಿರ್ಮಾಪಕರು ಒಪ್ಪಂದದ ಮೊದಲ ನಾಲ್ಕು ಪುಟಗಳನ್ನು ಓದುತ್ತಾರೆ, ಆದರೆ ‘ನಿವ್ವಳ’ದ ವ್ಯಾಖ್ಯೆ ಕೊನೆಯ ಅನುಬಂಧದಲ್ಲಿ ಕೂತಿರುತ್ತದೆ. ನಿಮ್ಮ ಕರಡಿನಲ್ಲಿ ಅದು ಎಲ್ಲಿದೆ, ಏನೆಂದಿದೆ ಎಂಬುದನ್ನು ದಯವಿಟ್ಟು ಇಲ್ಲಿ ತಿಳಿಸಿ.

ತುಂಗಾತೀರ

ನೀವು ಹೇಳಿದಂತೆಯೇ ಅದು 21ನೇ ಪುಟದಲ್ಲಿದೆ. ಒಟ್ಟು ಆದಾಯದಿಂದ ಮೊದಲು ಸಂಸ್ಥೆಯ ವಿತರಣಾ ಕಮಿಷನ್ ಶೇ 20, ಆಮೇಲೆ ಪ್ರಚಾರ ಹಾಗೂ ಬಿಡುಗಡೆಯ ಖರ್ಚು (ಮಿತಿ ಬರೆದಿಲ್ಲ), ಆಮೇಲೆ ಕಚೇರಿ ನಿರ್ವಹಣೆಯ ಬಾಬ್ತು ಸಂಸ್ಥೆಯ ಹೂಡಿಕೆಯ ಶೇ 10, ಅದಾದ ಮೇಲೆ ಸಂಸ್ಥೆಯ ಹೂಡಿಕೆ ಮತ್ತು ಅದರ ಮೇಲೆ ವರ್ಷಕ್ಕೆ ಶೇ 24 ಬಡ್ಡಿ ಕಳೆಯಬೇಕು, ಉಳಿದದ್ದು ನಿವ್ವಳ. ನಮ್ಮ 60 ಲಕ್ಷ ಯಾವ ಸಾಲಿನಲ್ಲಿ ಬರುತ್ತದೆ ಎಂದು ಹುಡುಕಿದೆ. ಅದು ಎಲ್ಲಿಯೂ ಇಲ್ಲ.

ಗಾಂಧಿನಗರದ ಲೆಕ್ಕಿಗ

ಹಾಗಾದರೆ ಒಂದು ಕಲ್ಪಿತ ಲೆಕ್ಕ ಹಾಕೋಣ. ಅಂಕಿಗಳು ತೋರಿಕೆಗೆ ಮಾತ್ರ, ಆದರೆ ಕರಡಿನ ಷರತ್ತುಗಳು ನಿಮ್ಮವೇ.

ಚಿತ್ರಮಂದಿರಗಳ ಶೇರು (ಟಿಕೆಟ್ ಹಣದಲ್ಲಿ ಚಿತ್ರಮಂದಿರದವರದು ಕಳೆದು ಸಿನಿಮಾಕ್ಕೆ ಬರುವ ಪಾಲು) 90 ಲಕ್ಷ, ಓಟಿಟಿ ಮತ್ತು ಸ್ಯಾಟಲೈಟ್ (ಟಿವಿ ಪ್ರಸಾರದ ಹಕ್ಕು) ಸೇರಿ 85 ಲಕ್ಷ, ಡಬ್ಬಿಂಗ್ ಹಕ್ಕು 15 ಲಕ್ಷ, ಆಡಿಯೋ 10 ಲಕ್ಷ, ಒಟ್ಟು 2 ಕೋಟಿ ಬಂತೆಂದುಕೊಳ್ಳಿ. 1 ಕೋಟಿ 80 ಲಕ್ಷದ ಸಿನಿಮಾ 2 ಕೋಟಿ ತಂದರೆ ಊರವರೆಲ್ಲ ‘ಗೆದ್ದಿತು’ ಎನ್ನುತ್ತಾರೆ. ಈಗ ಕಳೆಯುತ್ತಾ ಬನ್ನಿ. ಎಲ್ಲ ಆದಾಯದ ಮೇಲೆ ಶೇ 20 ಕಮಿಷನ್ ಎಂದರೆ 40 ಲಕ್ಷ. ಪ್ರಚಾರಕ್ಕೆ ಮಿತಿಯಿಲ್ಲದ ಕಾರಣ ಅವರು 50 ಲಕ್ಷ ತೋರಿಸಿದರು ಎನ್ನೋಣ. ಕಚೇರಿಯ ಬಾಬ್ತು 12 ಲಕ್ಷ. ಹೂಡಿಕೆ 1 ಕೋಟಿ 20 ಲಕ್ಷ, ಅದರ ಮೇಲೆ ಒಂದೂವರೆ ವರ್ಷದ ಬಡ್ಡಿ 43 ಲಕ್ಷದ 20 ಸಾವಿರ. ಎಲ್ಲ ಕೂಡಿದರೆ 2 ಕೋಟಿ 65 ಲಕ್ಷದ 20 ಸಾವಿರ. ಅಂದರೆ ಗೆದ್ದ ಸಿನಿಮಾ ಪುಸ್ತಕದಲ್ಲಿ 65 ಲಕ್ಷದ 20 ಸಾವಿರ ನಷ್ಟ ತೋರಿಸುತ್ತದೆ. ನಿಮ್ಮ ಅರ್ಧ ಪಾಲು ಸೊನ್ನೆಯಲ್ಲಿ ಅರ್ಧ.

ಈಗ ಅದೇ 2 ಕೋಟಿಗೆ ಬೇರೆ ಷರತ್ತು ಹಾಕಿ ನೋಡಿ. ಕಮಿಷನ್ ಚಿತ್ರಮಂದಿರಗಳ ಶೇರಿಗೆ ಮಾತ್ರ, ಅಂದರೆ 18 ಲಕ್ಷ. ಪ್ರಚಾರಕ್ಕೆ 35 ಲಕ್ಷದ ಮಿತಿ. ಕಚೇರಿಯ ಬಾಬ್ತು ಇಲ್ಲ. ಬಡ್ಡಿ ಶೇ 12ರಂತೆ 21 ಲಕ್ಷದ 60 ಸಾವಿರ. ಉಳಿಯುವುದು 1 ಕೋಟಿ 25 ಲಕ್ಷದ 40 ಸಾವಿರ. ಅದನ್ನು ಹೂಡಿಕೆಯ ಪ್ರಮಾಣದಲ್ಲಿ, ಎರಡಕ್ಕೆ ಒಂದರಂತೆ, ಏಕಕಾಲಕ್ಕೆ ಹಿಂಪಡೆದರೆ ಅವರಿಗೆ 83 ಲಕ್ಷದ 60 ಸಾವಿರ, ನಿಮಗೆ 41 ಲಕ್ಷದ 80 ಸಾವಿರ. ಆಗಲೂ ನಿಮ್ಮ 60 ಲಕ್ಷ ಪೂರ್ತಿ ಬಂದಿಲ್ಲ, ನಿಜ. ಆದರೆ ಸೊನ್ನೆಗೂ 41 ಲಕ್ಷಕ್ಕೂ ನಡುವೆ ಇರುವುದು ಸಿನಿಮಾದ ಗುಣವಲ್ಲ, 21ನೇ ಪುಟದ ಆರು ಸಾಲು.

ಕಮಿಷನ್ನಿನ ಬಗ್ಗೆ ಒಂದು ಮಾತು. ಬಿಕೆಟಿ (ಬೆಂಗಳೂರು, ಕೋಲಾರ, ತುಮಕೂರು) ಏರಿಯಾದಿಂದ ಹಿಡಿದು ಎಲ್ಲ ಕಡೆಯ ಚಿತ್ರಮಂದಿರಗಳ ಜೊತೆ ಮಾತಾಡಿ, ದಿನದಿನದ ಡಿಸಿಆರ್ (ಗಳಿಕೆಯ ವರದಿ) ತರಿಸಿ, ಶೇರು ವಸೂಲು ಮಾಡುವವರಿಗೆ ಕಮಿಷನ್ ಕೊಡುವುದು ನ್ಯಾಯ. ಒಂದೇ ಸಹಿಯಲ್ಲಿ ಮುಗಿಯುವ ಸ್ಯಾಟಲೈಟ್ ಮಾರಾಟಕ್ಕೂ ಅದೇ ಶೇ 20 ಏಕೆ ಎಂದು ಕೇಳುವ ಹಕ್ಕು ನಿಮಗಿದೆ. ಹಾಗೆಯೇ ಒಪ್ಪಂದದಲ್ಲಿ ಬರೆದ ಮೊತ್ತಗಳು ಜಿಎಸ್‌ಟಿ ಸೇರಿಯೋ ಹೊರತೋ ಎಂದು ಸ್ಪಷ್ಟಪಡಿಸಿ. ಹಕ್ಕಿನ ಬಾಬ್ತು ಶೇ 18 ತೆರಿಗೆ ಎಂದರೆ ಸಣ್ಣ ಮೊತ್ತವಲ್ಲ. ಲೆಕ್ಕಪತ್ರ ಪರಿಶೀಲಿಸುವ ಹಕ್ಕು ನಿಮಗಿರಬೇಕು ಮತ್ತು ಮೂಲ ಬಿಲ್ಲುಗಳನ್ನು ತೋರಿಸಬೇಕು ಎಂಬ ಷರತ್ತಿಲ್ಲದೆ ಮೇಲಿನ ಯಾವ ತಿದ್ದುಪಡಿಗೂ ಬೆಲೆಯಿಲ್ಲ.

ವಕೀಲಿ ವೃತ್ತಿ, ಧಾರವಾಡ

ಲೆಕ್ಕಿಗರು ಹಣದ ಮಾತನ್ನು ಚೆನ್ನಾಗಿ ಬಿಡಿಸಿದ್ದಾರೆ. ನನಗೆ ಅದಕ್ಕಿಂತ ಹೆಚ್ಚು ಆತಂಕ ಇರುವುದು ಹಕ್ಕಿನ ವಿಷಯದಲ್ಲಿ. ನಿಮ್ಮ ಕರಡಿನ ಆರಂಭದಲ್ಲಿ, ಪೀಠಿಕೆಯಲ್ಲಿ, ‘ಸಂಸ್ಥೆಯ ಕೋರಿಕೆಯ ಮೇರೆಗೆ, ಪ್ರತಿಫಲಕ್ಕೆ ಬದಲಾಗಿ, ಚಿತ್ರವನ್ನು ತಯಾರಿಸಿ ಕೊಡತಕ್ಕದ್ದು’ ಎಂಬ ಅರ್ಥದ ವಾಕ್ಯವೇನಾದರೂ ಇದೆಯೇ ಎಂದು ನೋಡಿ.

ತುಂಗಾತೀರ

ಇದೆ ಸರ್, 3ನೇ ಪುಟದಲ್ಲಿ. ಬಹುತೇಕ ಇದೇ ಮಾತು. ಅದು ಪೀಠಿಕೆಯ ಅಲಂಕಾರ ಎಂದುಕೊಂಡಿದ್ದೆ.

ವಕೀಲಿ ವೃತ್ತಿ, ಧಾರವಾಡ

ಅದು ಅಲಂಕಾರವಲ್ಲ. ಇಡೀ ಒಪ್ಪಂದದ ಬೆನ್ನುಮೂಳೆ ಅದೇ.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಿನಿಮಾದ ‘ಕರ್ತೃ’ ಎಂದರೆ ನಿರ್ಮಾಪಕ. ನಿರ್ಮಾಪಕ ಎಂದರೆ ಕೃತಿಯನ್ನು ತಯಾರಿಸುವ ಉಪಕ್ರಮವನ್ನೂ ಹೊಣೆಯನ್ನೂ ಹೊತ್ತುಕೊಂಡವನು. ಹಣ ಹಾಕಿದವನೆಂಬ ಮಾತು ಆ ವ್ಯಾಖ್ಯೆಯಲ್ಲಿ ಇಲ್ಲ, ಪರದೆಯ ಮೇಲೆ ‘ಅರ್ಪಿಸುವ’ ಎಂದು ಹೆಸರು ಬರುವವನೆಂಬ ಮಾತೂ ಇಲ್ಲ. ಕಥೆ ಹಿಡಿದು ತಂದು, ನಿರ್ದೇಶಕರನ್ನು ಗೊತ್ತುಮಾಡಿ, ಎಲ್ಲರಿಗೂ ಮುಂಗಡ ಕೊಟ್ಟ ನೀವು ಈ ವ್ಯಾಖ್ಯೆಗೆ ಸಲೀಸಾಗಿ ಒಪ್ಪುತ್ತೀರಿ. ಆದರೆ ಅದೇ ಕಾಯಿದೆಯ ಕಲಂ 17ರಲ್ಲಿ ಒಂದು ವಿನಾಯಿತಿ ಇದೆ: ಬೇರೊಬ್ಬರ ಕೋರಿಕೆಯ ಮೇರೆಗೆ, ಪ್ರತಿಫಲ ಪಡೆದು ಸಿನಿಮಾ ಮಾಡಿದರೆ, ವಿರುದ್ಧವಾದ ಒಪ್ಪಂದ ಇಲ್ಲದಿದ್ದಲ್ಲಿ, ಆ ಕೋರಿದವರೇ ಕೃತಿಸ್ವಾಮ್ಯದ ಮೊದಲ ಒಡೆಯರು. 3ನೇ ಪುಟದ ಆ ಒಂದು ವಾಕ್ಯ ನಿಮ್ಮನ್ನು ನಿರ್ಮಾಪಕರ ಕುರ್ಚಿಯಿಂದ ಎಬ್ಬಿಸಿ ಲೈನ್ ಪ್ರೊಡ್ಯೂಸರ್ (ಬೇರೆಯವರ ಪರವಾಗಿ ನಿರ್ಮಾಣದ ಕೆಲಸ ನಡೆಸಿಕೊಡುವವರು) ಮಾಡುತ್ತದೆ, ಅದೂ ಸ್ವಂತ 60 ಲಕ್ಷ ಹಾಕಿದ ಲೈನ್ ಪ್ರೊಡ್ಯೂಸರ್. ಮೊದಲ ಒಡೆತನವೇ ಅವರದಾದ ಮೇಲೆ ಮುಂದಿನ ಪುಟಗಳಲ್ಲಿ ಹಕ್ಕು ವರ್ಗಾವಣೆಯ ಷರತ್ತುಗಳ ಬಗ್ಗೆ ನೀವು ವಾದಿಸಲು ಉಳಿಯುವುದೇನು?

ಆದ್ದರಿಂದ ಆ ವಾಕ್ಯ ಹೋಗಬೇಕು. ಅದರ ಜಾಗದಲ್ಲಿ, ಚಿತ್ರದ ಉಪಕ್ರಮವೂ ಹೊಣೆಯೂ ನಿಮ್ಮ ಬ್ಯಾನರಿನದು, ಕೃತಿಸ್ವಾಮ್ಯದಲ್ಲಿ ಇಬ್ಬರಿಗೂ ಇಂತಿಷ್ಟು ಪಾಲು ಎಂದು ಬರೆಸಿ. ಸೆನ್ಸಾರ್ ಮಂಡಳಿಗೆ ಅರ್ಜಿ ಯಾರ ಹೆಸರಿನಲ್ಲಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಣಿ ಯಾರ ಬ್ಯಾನರಿನಲ್ಲಿ ಎಂಬುದನ್ನೂ ಬರೆಸಿ. ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿಯೇ ಹೇಳಿದೆ. ಮಂಡಳಿಯ ನೋಂದಣಿ ಉದ್ಯಮದೊಳಗಿನ ಶಿಸ್ತು. ಆದರೂ ವಿವಾದ ಬಂದಾಗ ಈ ಕಾಗದಗಳೇ ನಿಮ್ಮ ಪರವಾಗಿ ಮೊದಲು ಮಾತಾಡುತ್ತವೆ.

ಇನ್ನು 99 ವರ್ಷ. ಸಿನಿಮಾದ ಕೃತಿಸ್ವಾಮ್ಯದ ಅವಧಿಯೇ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಹೊಲವನ್ನು ಗುತ್ತಿಗೆಗೆ ಕೊಡುವ ಹಳೆಯ ನಮೂನೆಯಿಂದ ಈ ಅಂಕಿ ಇಲ್ಲಿಗೆ ನಡೆದುಬಂದಂತೆ ನನಗೆ ಕಾಣುತ್ತದೆ. ನಗುವ ವಿಷಯವಾದರೂ ಪರಿಣಾಮ ನಗುವಂಥದ್ದಲ್ಲ: ಇದರರ್ಥ ಇಡೀ ಆಯುಷ್ಯದ ಹಕ್ಕು ಅವರಿಗೆ.

ಕಲಂ 19ರ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಡನೆ ಇರಬೇಕು. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂದು ಹೇಳಿರಬೇಕು. ಕಾಲ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ಕಾನೂನೇ ಭಾವಿಸುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ವರ್ಗಾವಣೆ ತಾನಾಗಿ ರದ್ದಾಗುತ್ತದೆ. ಆದರೆ ಒಪ್ಪಂದದಲ್ಲಿ ಬೇರೆ ಮಾತು ಬರೆದಿದ್ದರೆ ಈ ರಕ್ಷಣೆ ಇಲ್ಲ. ನಿಮ್ಮ ಕರಡಿನಲ್ಲಿ ಕಲಂ 19ರ 4ನೇ ಉಪಕಲಂ ಅನ್ವಯಿಸುವುದಿಲ್ಲ ಎಂಬ ಒಂದೂವರೆ ಸಾಲು ಖಂಡಿತ ಇರುತ್ತದೆ, ಹುಡುಕಿ. ಅದಿದ್ದರೆ ಅವರು ಸಿನಿಮಾವನ್ನು ಬಿಡುಗಡೆ ಮಾಡದೆ ಡಬ್ಬದಲ್ಲಿಟ್ಟರೂ ಹಕ್ಕು ನಿಮಗೆ ಮರಳುವುದಿಲ್ಲ. ಹೀಗಾಗಿ, ಸೆನ್ಸಾರ್ ಆದ ಇಂತಿಷ್ಟು ತಿಂಗಳೊಳಗೆ ಬಿಡುಗಡೆ ಆಗದಿದ್ದರೆ ಹಕ್ಕು ಮರಳಿ ನಿರ್ಮಾಪಕರಿಗೆ ಎಂದು ಬರೆಸುವುದು ಪಾಲಿನ ಶೇಕಡಾವಾರಿಗಿಂತ ಮುಖ್ಯ.

ಬ್ಯಾನರ್ ಕಚೇರಿ

ನಾನು ಆಚೆ ಬದಿಯವನು. ಒಂದು ನಿರ್ಮಾಣ ಸಂಸ್ಥೆಯಲ್ಲಿ (ಮೇಲೆ ಹೇಳಿದ ಸಂಸ್ಥೆ ಅಲ್ಲ) ಒಪ್ಪಂದಗಳ ಕೆಲಸ ನೋಡುತ್ತೇನೆ. ಇಲ್ಲಿ ಎಲ್ಲರೂ ಸಂಸ್ಥೆಗಳನ್ನು ಲೇವಾದೇವಿಯವರಂತೆ ಚಿತ್ರಿಸುತ್ತಿರುವುದರಿಂದ ಎರಡು ಮಾತು ಹೇಳುತ್ತೇನೆ.

ಹೊಸ ನಿರ್ಮಾಪಕರು ಹೇಳುವ ಬಜೆಟ್ಟಿನಲ್ಲಿ ಮಳೆ ಬರುವುದಿಲ್ಲ, ಕಲಾವಿದರ ದಿನಾಂಕ ತಪ್ಪುವುದಿಲ್ಲ, ಸೆಟ್ಟಿನಲ್ಲಿ ಯಾರಿಗೂ ಜ್ವರ ಬರುವುದಿಲ್ಲ. ಚಿತ್ರೀಕರಣ ಮುಕ್ಕಾಲು ಭಾಗ ಮುಗಿದಾಗ ‘ಇನ್ನು ನಲವತ್ತು ಲಕ್ಷ ಕೊಟ್ಟರೆ ಮಾತ್ರ’ ಎಂಬ ಫೋನ್ ಬರುತ್ತದೆ. ಆ ಹೊತ್ತಿಗೆ ಸಂಸ್ಥೆಯ ಹಣ ಪೂರ್ತಿ ಒಳಗಿರುತ್ತದೆ. ಅರ್ಧ ಸಿನಿಮಾವನ್ನು ಯಾರೂ ಕೊಳ್ಳುವುದಿಲ್ಲ. ಬಜೆಟ್ ಮೀರಿದ್ದನ್ನು ನಿರ್ಮಾಪಕರೇ ತುಂಬಬೇಕು, ತಪ್ಪಿದರೆ ನಿರ್ಮಾಣವನ್ನು ವಹಿಸಿಕೊಳ್ಳುವ ಹಕ್ಕು ನಮಗಿರಬೇಕು ಎಂದು ಕೇಳುವುದು ಇದಕ್ಕಾಗಿಯೇ. ಫಸ್ಟ್ ಕಾಪಿ ಪದ್ಧತಿ ಹುಟ್ಟಿದ್ದೂ ಇದೇ ಕಾರಣಕ್ಕೆ: ಇಂತಿಷ್ಟು ಹಣ, ಸಿದ್ಧವಾದ ಪ್ರತಿ, ಹೆಚ್ಚಾದರೆ ಮಾಡಿದವರ ಹೊಣೆ.

ಆದರೆ ಒಂದನ್ನು ಒಪ್ಪುತ್ತೇನೆ. ಬಜೆಟ್ ಮೀರಿದ ಹೊಣೆಯನ್ನು ಪೂರ್ತಿ ನಿರ್ಮಾಪಕರ ಮೇಲೆ ಹಾಕುವ ಸಂಸ್ಥೆ, ಉಳಿತಾಯವಾದರೆ ಅದನ್ನೂ ಅವರಿಗೇ ಬಿಡಬೇಕು. ಫಸ್ಟ್ ಕಾಪಿಯ ನ್ಯಾಯ ಅದು. ಹೊಣೆ ಫಸ್ಟ್ ಕಾಪಿಯದು, ಲಾಭಹಂಚಿಕೆ ಜಂಟಿ ನಿರ್ಮಾಣದ್ದು, ಬಡ್ಡಿ ಫೈನಾನ್ಸಿನದು, ಮೂರನ್ನೂ ಒಂದೇ ಕಾಗದದಲ್ಲಿ ಸೇರಿಸಿದ್ದರೆ ಅದು ಸರಿಯಾದ ಕರಡಲ್ಲ. ಬಡ್ಡಿ ಬೇಕಿದ್ದರೆ ಸಾಲ ಎನ್ನಿ, ಪಾಲು ಬೇಕಿದ್ದರೆ ಹೂಡಿಕೆ ಎನ್ನಿ. ನಮ್ಮ ಕಚೇರಿಯಲ್ಲಿ ಬಜೆಟ್ಟಿನ ಶೇ 10ರವರೆಗಿನ ಹೆಚ್ಚಳವನ್ನು ಇಬ್ಬರೂ ಪಾಲಿನ ಪ್ರಮಾಣದಲ್ಲಿ ಹೊರುತ್ತೇವೆ, ಅದಕ್ಕೆ ಮೇಲ್ಪಟ್ಟದ್ದು ನಿರ್ಮಾಪಕರದು. ‘ನಮೂನೆ ಬದಲಾಗುವುದಿಲ್ಲ’ ಎಂಬುದು ಮೊದಲ ಸುತ್ತಿನ ಮಾತು ಮಾತ್ರ. ಎರಡನೇ ಸುತ್ತಿನಲ್ಲಿ ಎಲ್ಲರೂ ಬದಲಾಯಿಸುತ್ತಾರೆ, ನಾನೂ ಬದಲಾಯಿಸಿದ್ದೇನೆ.

ಸಂಕಲನದ ಮೇಜು

ಕಾಗದದ ಮಾತಿನ ನಡುವೆ ವಸ್ತುವಿನ ಮಾತನ್ನು ಯಾರೂ ಆಡಲಿಲ್ಲ. ರೀಲಿನ ಕಾಲದಲ್ಲಿ ನೆಗೆಟಿವ್ ಲ್ಯಾಬಿನಲ್ಲಿರುತ್ತಿತ್ತು. ಲ್ಯಾಬ್ ಲೆಟರ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಪ್ರಿಂಟ್ ಸಿಗುತ್ತಿತ್ತು. ಈಗ ಇರುವುದು ಹಾರ್ಡ್ ಡಿಸ್ಕ್. ಎರಡು ವರ್ಷಗಳ ಹಿಂದೆ ನಾನು ಸಂಕಲನ ಮಾಡುತ್ತಿದ್ದ ಸ್ಟುಡಿಯೋಗೆ ಒಂದೇ ದಿನ, ಬೆಳಿಗ್ಗೆ ನಿರ್ಮಾಪಕರೂ ಮಧ್ಯಾಹ್ನ ಸಂಸ್ಥೆಯ ಮ್ಯಾನೇಜರೂ ಬಂದು, ಒಂದೇ ಸಿನಿಮಾದ ಡಿಸ್ಕುಗಳನ್ನು ತಮಗೇ ಕೊಡಬೇಕೆಂದು ಪಟ್ಟು ಹಿಡಿದರು. ಇಬ್ಬರ ಕೈಯಲ್ಲೂ ಅದೇ ಒಪ್ಪಂದದ ಜೆರಾಕ್ಸ್ ಇತ್ತು. ಇಬ್ಬರೂ ತಮ್ಮ ತಮ್ಮ ಸಾಲಿಗೆ ಹಸಿರು ಬಣ್ಣ ಬಳಿದಿದ್ದರು. ನನ್ನ ಬಾಕಿಯೂ ಬಂದಿರಲಿಲ್ಲವಾದ್ದರಿಂದ ನಾನು ಯಾರಿಗೂ ಕೊಡದೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸಿನಿಮಾ ಹನ್ನೊಂದು ತಿಂಗಳು ಆ ಬೀರುವಿನಲ್ಲಿತ್ತು.

ಮೂಲ ದೃಶ್ಯಗಳ ಡಿಸ್ಕುಗಳ ಎರಡು ಪ್ರತಿ ಎಲ್ಲಿರಬೇಕು, ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗೆ ಅಂತಿಮ ಪ್ರತಿ ಒಪ್ಪಿಸಲು ಯಾರ ಪತ್ರ ಬೇಕು, ಚಿತ್ರಮಂದಿರಗಳಿಗೆ ಹೋಗುವ ಕೀಲಿಗಳು (ಡಿಜಿಟಲ್ ಪ್ರತಿಯನ್ನು ತೆರೆಯುವ ಸಂಕೇತಗಳು) ಯಾರ ಸೂಚನೆಯ ಮೇಲೆ ತೆರೆದುಕೊಳ್ಳಬೇಕು, ತಂತ್ರಜ್ಞರ ಬಾಕಿ ತೀರುವ ಮೊದಲು ಬಿಡುಗಡೆ ಆಗಬಹುದೇ, ಇಷ್ಟನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಇಬ್ಬರ ಜಂಟಿ ಪತ್ರ ಇಲ್ಲದೆ ಯಾರಿಗೂ ಕೊಡಬಾರದು ಎಂದಿದ್ದರೆ ನಮ್ಮಂಥವರ ತಲೆನೋವೂ ತಪ್ಪುತ್ತದೆ.

ವಕೀಲಿ ವೃತ್ತಿ, ಧಾರವಾಡ

ಒಳ್ಳೆಯ ಮಾತು. ನನ್ನ ಹಿಂದಿನ ಬರಹದಲ್ಲಿ ಬಿಟ್ಟುಹೋದ ಕೆಲವನ್ನು ಸೇರಿಸುತ್ತೇನೆ.

ನಿಮ್ಮಲ್ಲಿಲ್ಲದ ಹಕ್ಕನ್ನು ಸಂಸ್ಥೆಗೆ ಕೊಡುತ್ತೇನೆಂದು ಬರೆದುಕೊಡಬೇಡಿ. ಕಥೆಗಾರರು, ಚಿತ್ರಕಥೆಗಾರರು, ಸಂಗೀತ ನಿರ್ದೇಶಕರು, ಗೀತರಚನೆಕಾರರು, ಇವರೆಲ್ಲರಿಂದ ನೀವು ಏನನ್ನು ಪಡೆದಿದ್ದೀರೋ ಅಷ್ಟನ್ನು ಮಾತ್ರ ನೀವು ದಾಟಿಸಬಲ್ಲಿರಿ. 2012ರ ತಿದ್ದುಪಡಿಯಾದ ಮೇಲೆ, ಚಿತ್ರಮಂದಿರದ ಹೊರಗಿನ ಬಳಕೆಗೆ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ಬರಬೇಕಾದ ರಾಯಧನದ ಪಾಲನ್ನು ಬಿಟ್ಟುಕೊಡುವ ಒಪ್ಪಂದ ನಿಲ್ಲುವುದಿಲ್ಲ. ಅದೇ ತಿದ್ದುಪಡಿಯ ಪ್ರಕಾರ, ವರ್ಗಾವಣೆಯ ಕಾಲದಲ್ಲಿ ಇಲ್ಲದ ಅಥವಾ ವಾಣಿಜ್ಯ ಬಳಕೆಗೆ ಬಾರದ ಮಾಧ್ಯಮಕ್ಕೆ, ಅದನ್ನು ನಿರ್ದಿಷ್ಟವಾಗಿ ಹೆಸರಿಸಿದ ಹೊರತು, ವರ್ಗಾವಣೆ ಅನ್ವಯಿಸುವುದಿಲ್ಲ. ‘ಬ್ರಹ್ಮಾಂಡದಲ್ಲಿ ಮುಂದೆ ಹುಟ್ಟಬಹುದಾದ ಎಲ್ಲ ಮಾಧ್ಯಮ’ ಎಂದು ಬರೆಯುವ ಚಪಲ ಇನ್ನೂ ಹೋಗಿಲ್ಲವಾದರೂ, ಅದರ ಬಲ ಆ ಮಾತಿನ ಸದ್ದಿನಷ್ಟಿಲ್ಲ.

ರೀಮೇಕ್ ಬಗ್ಗೆ ಎಚ್ಚರ. ಡಬ್ಬಿಂಗ್ ಹಕ್ಕು ನಿರ್ಮಾಪಕರದು, ಆದರೆ ಚಿತ್ರಕಥೆಯ ಹಕ್ಕನ್ನು ಬರೆಸಿಕೊಳ್ಳದಿದ್ದರೆ ರೀಮೇಕ್ ಹಕ್ಕು ಬರೆದವರದು ಎಂದು ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ 2017ರಲ್ಲಿ ಹೇಳಿದೆ. ಸತ್ಯಜಿತ್ ರಾಯ್ ಅವರ ಒಂದು ಚಿತ್ರಕಥೆಯ ವಿಷಯದಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್ ಇದೇ ದಾರಿಯಲ್ಲಿ ನಡೆದು, ಸಿನಿಮಾದ ನಿರ್ಮಾಪಕರಿಗೆ ಆ ಚಿತ್ರಕಥೆಯ ಕೃತಿಸ್ವಾಮ್ಯ ಇಲ್ಲವೆಂದಿತು. ನಿಮ್ಮ ಚಿತ್ರಕಥೆಗಾರರ ಜೊತೆ ಕಾಗದ ಆಗಿದೆಯೇ?

ನಿಮ್ಮ ಬ್ಯಾನರ್ ಭಾವನವರ ಜೊತೆಗಿನ ಪಾಲುದಾರಿಕೆ ಎಂದಿರಿ. ಅದು ನೋಂದಣಿ ಆಗಿರದಿದ್ದರೆ, 1932ರ ಪಾಲುದಾರಿಕೆ ಕಾಯಿದೆಯ ಕಲಂ 69ರ ಪ್ರಕಾರ, ಒಪ್ಪಂದದ ಹಕ್ಕಿಗಾಗಿ ನಿಮ್ಮ ಬ್ಯಾನರ್ ಆ ನಿರ್ಮಾಣ ಸಂಸ್ಥೆಯ ಮೇಲೆ ದಾವೆ ಹೂಡುವಂತಿಲ್ಲ, ಅವರು ಮಾತ್ರ ನಿಮ್ಮ ಮೇಲೆ ಹೂಡಬಹುದು. ಸಹಿಗೆ ಮೊದಲು ನೋಂದಣಿ ಮಾಡಿಸಿ. ಸಂಸ್ಥೆಯ ಜೊತೆಗಿನ ಸಂಬಂಧ ಪಾಲುದಾರಿಕೆ ಅಲ್ಲವೆಂದೂ ಸ್ಪಷ್ಟವಾಗಿ ಬರೆಸಿ. ಇಲ್ಲವಾದರೆ ಅವರ ಸಾಲದವರು ನಿಮ್ಮ ಮನೆಬಾಗಿಲಿಗೆ ಬರುವ ದಾರಿ ತೆರೆದಿರುತ್ತದೆ.

ಖಾಲಿ ಚೆಕ್ ಬೇಡ. ಸಹಿ ಮಾಡಿ ಇಚ್ಛೆಯಿಂದ ಕೊಟ್ಟ ಖಾಲಿ ಚೆಕ್ಕಿಗೂ ಸಾಲ ತೀರಿಸಲೆಂದೇ ಕೊಟ್ಟದ್ದು ಎಂಬ ಕಾನೂನಿನ ಊಹೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ; ಆಮೇಲೆ ‘ಭದ್ರತೆಗೆ ಕೊಟ್ಟಿದ್ದೆ’ ಎಂದು ರುಜುವಾತು ಮಾಡುವ ಹೊರೆ ನಿಮ್ಮದಾಗುತ್ತದೆ. ಇನ್ನು ಮಧ್ಯಸ್ಥಿಕೆಯ ಷರತ್ತಿನಲ್ಲಿ ಏಕೈಕ ಮಧ್ಯಸ್ಥಗಾರರನ್ನು ಸಂಸ್ಥೆಯ ಆಡಳಿತ ನಿರ್ದೇಶಕರೇ ನೇಮಿಸುತ್ತಾರೆ ಎಂದಿದ್ದರೆ, ಹಾಗೆ ಒಂದೇ ಪಕ್ಷ ನೇಮಿಸುವುದನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ತಳ್ಳಿಹಾಕಿದೆ. ಇಬ್ಬರ ಒಪ್ಪಿಗೆಯಿಂದ ನೇಮಕ, ಸ್ಥಳ ಬೆಂಗಳೂರು ಎಂದು ತಿದ್ದಿಸಿ, ಮುದ್ರಾಂಕ ಶುಲ್ಕವನ್ನು ಸರಿಯಾಗಿ ಕಟ್ಟಿ.

ಮಕ್ಕಳ ಚಿತ್ರ

ವಕೀಲರೇ, ನೀವು ಹೇಳಿದ್ದೆಲ್ಲ ಸರಿ, ಆದರೆ ಹದಿನೆಂಟು ದಿನದಲ್ಲಿ ಹೊಸಬರೊಬ್ಬರು ಇಷ್ಟನ್ನೂ ಕೇಳಿದರೆ ಸಂಸ್ಥೆ ಎದ್ದು ಹೋಗುತ್ತದೆ. ನಾನು ಒಂದು ಸಣ್ಣ ಸಿನಿಮಾ ಮಾಡಿದವಳು. ಕೇಳಬೇಕಾದ ಇಪ್ಪತ್ತರಲ್ಲಿ ಎರಡನ್ನು ಮಾತ್ರ ಕೇಳುವ ಶಕ್ತಿ ನನಗಿತ್ತು, ನಾನು ತಪ್ಪಾದ ಎರಡನ್ನು ಕೇಳಿದೆ: ಪರದೆಯ ಮೇಲೆ ನನ್ನ ಹೆಸರಿನ ಗಾತ್ರ, ಪೋಸ್ಟರಿನಲ್ಲಿ ಅದರ ಜಾಗ. ಸರ್ಕಾರದ ಸಹಾಯಧನ ಬಂದಾಗ ಅದು ಯಾರ ಖಾತೆಗೆ ಹೋಗಬೇಕೆಂದು ನಮ್ಮ ಒಪ್ಪಂದದಲ್ಲಿ ಇರಲೇ ಇಲ್ಲ. ಅದು ‘ಒಟ್ಟು ಆದಾಯ’ದಲ್ಲಿ ಸೇರಿ, ಮೇಲೆ ಲೆಕ್ಕಿಗರು ತೋರಿಸಿದ ಹಾದಿಯಲ್ಲಿ ಕರಗಿತು. ಸಹಾಯಧನ ಮತ್ತು ಪ್ರಶಸ್ತಿಯ ಹಣದ ಬಗ್ಗೆ ಒಂದು ಸಾಲು ಬರೆಸಿಕೊಳ್ಳಿ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಮೊನ್ನೆ ಬೆಂಗಳೂರಿಗೆ ಹೋಗಿ ಬಂದೆವು. ನಡೆದದ್ದನ್ನು ಇಲ್ಲಿ ಬರೆದಿಡುತ್ತೇನೆ.

ಮೇಡಂ ಹೇಳಿದ ಮಾತು ತಲೆಯಲ್ಲಿದ್ದುದರಿಂದ ಇಪ್ಪತ್ತನ್ನೂ ಕೇಳಲಿಲ್ಲ, ಆರನ್ನು ಕೇಳಿದೆವು. 3ನೇ ಪುಟದ ವಾಕ್ಯದ ಬಗ್ಗೆ ಎತ್ತಿದ ಕೂಡಲೇ ಅವರ ವಕೀಲರು ನಮ್ಮನ್ನು ಸ್ವಲ್ಪ ಹೊತ್ತು ನೋಡಿ, ‘ಇದನ್ನು ನಿಮಗೆ ಯಾರು ಹೇಳಿದರು?’ ಎಂದು ಕೇಳಿದರು. ಆಮೇಲೆ ವಾದವಿಲ್ಲದೆ ತೆಗೆದರು. ಕೃತಿಸ್ವಾಮ್ಯ ಈಗ ಎರಡು ಪಾಲು ಅವರದು, ಒಂದು ಪಾಲು ನಮ್ಮದು. ಲಾಭದಲ್ಲಿಯೂ ಅದೇ ಪ್ರಮಾಣ ಎಂದರು. ಅರ್ಧ ಪಾಲು ಹೋಯಿತೆಂದು ಭಾವನವರಿಗೆ ಬೇಸರವಾಯಿತು, ಆದರೆ ಲೆಕ್ಕಿಗರ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿದ ಮೇಲೆ ಒಪ್ಪಿದರು. ಹೂಡಿಕೆ ಏಕಕಾಲಕ್ಕೆ ಪ್ರಮಾಣಾನುಸಾರ ಹಿಂದಕ್ಕೆ ಬರುತ್ತದೆ. ಕಮಿಷನ್ ಚಿತ್ರಮಂದಿರಗಳಿಗೆ ಶೇ 20, ಉಳಿದ ಮಾರಾಟಕ್ಕೆ ಶೇ 7. ಪ್ರಚಾರಕ್ಕೆ 40 ಲಕ್ಷದ ಮಿತಿ. ಖಾಲಿ ಚೆಕ್ ಬಿಟ್ಟರು. ಸೆನ್ಸಾರ್ ಆಗಿ ಒಂಬತ್ತು ತಿಂಗಳಲ್ಲಿ ಬಿಡುಗಡೆಯಾಗದಿದ್ದರೆ, ಅವರ ಅಸಲನ್ನು ಹಿಂದಿರುಗಿಸಿ ಹಕ್ಕು ನಾವು ಪಡೆಯಬಹುದು.

ಬಡ್ಡಿಯ ವಿಷಯದಲ್ಲಿ ಶೇ 18ಕ್ಕಿಂತ ಕೆಳಗೆ ಇಳಿಯಲಿಲ್ಲ. ಬ್ಯಾನರ್ ಕಚೇರಿಯವರ ‘ಸಾಲ ಎನ್ನಿ ಇಲ್ಲವೆ ಹೂಡಿಕೆ ಎನ್ನಿ’ ಎಂಬ ಮಾತನ್ನು ಹಾಗೆಯೇ ಹೇಳಿದೆ. ನಕ್ಕು, ಕಾಫಿ ತರಿಸಿದರು.

ಚಿತ್ರಕಥೆಗಾರರ ಜೊತೆ ನಮಗೆ ಇದ್ದದ್ದು ವಾಟ್ಸಾಪ್ ಸಂದೇಶ ಮತ್ತು ಮುಂಗಡದ ರಸೀದಿ ಮಾತ್ರ. ಅವರು ಸಾಗರದವರು, ಮನೆಯವರಿದ್ದಂತೆ. ಕಾಗದದ ಮಾತೆತ್ತಿದರೆ ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದೆ. ನಿನ್ನೆ ಹೋಗಿ ಕೂತು ಹೇಳಿದೆ. ರೀಮೇಕ್ ಬಂದರೆ ತಮಗೆ ಶೇ 15 ಎಂದು ಬರೆಸಿದರು, ಸಹಿ ಮಾಡಿದರು. ಪಾಲುದಾರಿಕೆಯ ನೋಂದಣಿಗೆ ಅರ್ಜಿ ಹಾಕಿದ್ದೇವೆ. ಅದು ಕೈಗೆ ಬರುವವರೆಗೆ ಸಹಿ ಬೇಡವೆಂದು ಮುಹೂರ್ತವನ್ನು ಮೂರು ವಾರ ಮುಂದಕ್ಕೆ ಹಾಕಿದೆವು. ನಾಯಕಿಯ ದಿನಾಂಕ ಮಾತ್ರ ಇನ್ನೂ ಹೊಂದಿಸಬೇಕಾಗಿದೆ.

ಗಾಂಧಿನಗರದ ಲೆಕ್ಕಿಗ

ಶೇ 18 ಬಡ್ಡಿ ಯಾವ ದಿನದಿಂದ ಎಣಿಕೆ ಎಂದು ಬರೆದಿದೆ, ಒಪ್ಪಂದದ ದಿನದಿಂದಲೋ, ಪ್ರತಿ ಕಂತಿನ ಹಣ ನಿಮ್ಮ ಖಾತೆಗೆ ಬಿದ್ದ ದಿನದಿಂದಲೋ? ಸಹಿಗೆ ಮೊದಲು ಅದೊಂದನ್ನು ನೋಡಿ, ಸರ್.